ಅಡುಗೆಮನೆಯಿಂದ ಬಂದ ಫೋನು

ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಬಡಗಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಪಕ್ಕದಲ್ಲಿದ್ದ ಹೆಂಡತಿಯನ್ನು, "ನೀವು ಯಾರು? ನನ್ನ ಹೆಂಡ್ತಿ ಥರಾನೇ ಇದ್ದೀರಲ್ಲ?" ಎಂದು ಕೇಳಿದ. ಅವಳು ನಕ್ಕುಬಿಟ್ಟಳು. ಮದುವೆಯಾದಾಗಿನಿಂದ ಅವಳ ಕಾಲೆಳೆಯದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಆದರೆ ಅವನು ನಗಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಮಿದುಳು ಮುಖವನ್ನು ಗುರುತಿಸುತ್ತಿದೆ. ಆ ಮುಖ ಕಂಡಾಗ 'ಇವಳು ನನ್ನವಳು' ಎಂದು ಅನಿಸಬೇಕಲ್ಲ, ಆ ದಾರಿ ಕಡಿದುಹೋಗಿದೆ. ಮುಖ ಅದೇ, ಭಾವ ಬರುತ್ತಿಲ್ಲ, ಹಾಗಾದರೆ ಇವಳು ಯಾರೋ ವೇಷಧಾರಿ ಎಂದು ಮಿದುಳು ತೀರ್ಮಾನಿಸಿಬಿಟ್ಟಿದೆ. ಕಿವಿಯ ದಾರಿ ಬೇರೆ, ಅದು ನೆಟ್ಟಗಿದೆ; ಮುಖ ಕಾಣದೆ ದನಿ ಮಾತ್ರ ಕೇಳಿದರೆ ನಂಬಿಯಾನು. ವಾದಿಸಬೇಡಿ, ಕಾಯಿರಿ ಎಂದರು. ಕಾಯಿರಿ ಎನ್ನುವುದು ಸುಲಭ, ಕಾಯುವವರ ಕಷ್ಟ ಕಾಯುವವರಿಗೇ ಗೊತ್ತು.

ಮನೆಗೆ ಬಂದ ಮೇಲೆ ಅವಳು ಕೊಟ್ಟ ತುತ್ತನ್ನಾಗಲಿ ಮಾತ್ರೆಯನ್ನಾಗಲಿ ಅವನು ಮುಟ್ಟಲಿಲ್ಲ. ಕೊನೆಗೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವನಿಗೆ ಫೋನು ಮಾಡಿದಳು. ದನಿ ಕೇಳಿದ್ದೇ ಅವನು ಮಗುವಿನಂತೆ ಅತ್ತ. ತಾನು ತಂಗಿಯ ಬಾಣಂತನಕ್ಕೆ ಬಂದಿದ್ದೇನೆ, ಮನೆಯಲ್ಲಿರುವ ಹೆಂಗಸು ಒಳ್ಳೆಯವಳು, ಕೊಟ್ಟದ್ದನ್ನು ತಿನ್ನು ಎಂದಳು. ಅವನು ತಿಂದ. ಅಂದಿನಿಂದ ಹೊತ್ತುಹೊತ್ತಿಗೆ ಫೋನು ಬಂದರೇ ಊಟ. ಒಮ್ಮೆ ಅವನು ದನಿ ತಗ್ಗಿಸಿ, "ಪಾಪ, ಚೆನ್ನಾಗಿ ನೋಡ್ಕೋತಾಳೆ. ಆದ್ರೂ ನೀನೇ ಬೇಗ ಬಾರೇ" ಎಂದ. ಗೋಡೆಯ ಈಚೆ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ತನ್ನ ಮನೆಯಲ್ಲೇ ತಾನು ಆಳು, ತನ್ನ ಗಂಡನಿಗೇ ತಾನು ಪರಕೀಯಳು. ಇದನ್ನು ಯಾರ ಮುಂದೆ ಹೇಳಿಕೊಂಡಾಳು?

ಅವಳು ದರ್ಜಿ. ಬಿಟ್ಟುಹೋದ ಹೊಲಿಗೆಯನ್ನು ಎರಡು ಅಂಚೂ ಹಿಡಿದು ಒಟ್ಟಿಗೆ ಮಿಷಿನ್ನಿಗೆ ಕೊಟ್ಟು ಅವಳಿಗೆ ಅಭ್ಯಾಸ. ದನಿಯೊಂದು ಕಡೆ, ಮುಖವೊಂದು ಕಡೆ ಇದ್ದರೆ ಹೇಗೆ ಕೂಡೀತು, ಎರಡನ್ನೂ ಒಟ್ಟಿಗೆ ತಂದರೆ ಆಯಿತಲ್ಲ ಎಂದುಕೊಂಡಳು. ಡಾಕ್ಟರನ್ನು ಕೇಳಲಿಲ್ಲ. ಬೇಡ ಎಂದಾರೆಂಬ ಭಯ.

ಮಧ್ಯಾಹ್ನ ಫೋನಿನಲ್ಲಿ ಮಾತಾಡುತ್ತಲೇ ಬಾಗಿಲು ತೆರೆದಳು. "ಇಲ್ಲಿ ನೋಡು, ನಾನೇ," ಎನ್ನುತ್ತಾ ಅವನ ಎದುರು ಬಂದು ನಿಂತಳು.

ಅವನು ಅವಳ ತುಟಿ ನೋಡಿದ, ಕೈಯಲ್ಲಿದ್ದ ಫೋನು ನೋಡಿದ.

"ಅವಳ ಫೋನು ನಿಮ್ಮ ಹತ್ರ ಹೇಗೆ ಬಂತು?" ಎಂದ. "ಇಷ್ಟು ದಿನ ಮಾತಾಡಿದ್ದು ನೀವಾ?"

ಹೌದು, ನಾನೇ ಎಂದಳು. ಇನ್ನೇನು ಹೇಳಿಯಾಳು?

"ಹಾಗಾದ್ರೆ ಅವಳು ಇನ್ನಿಲ್ಲ," ಎಂದ ಅವನು. ಗೋಡೆಗೊರಗಿ ಕುಸಿದು ಕೂತು, ಸತ್ತವರಿಗಾಗಿ ಅಳುವ ಹಾಗೆ ಅಳತೊಡಗಿದ. ಹೆಂಡತಿಯ ಒಳ್ಳೆಯತನವನ್ನೆಲ್ಲ ಒಂದೊಂದಾಗಿ ನೆನೆದ. ಎದುರಿಗಿದ್ದಾಗ ಒಂದು ದಿನವೂ ಹೇಳಿರದ ಮಾತುಗಳು. ಅವಳು ಹತ್ತಿರ ಕೂತು ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ಮೆಲ್ಲಗೆ ಸರಿಸಿ, ಸುದ್ದಿ ಅವಳ ತಂಗಿಗಾದರೂ ಗೊತ್ತಾ ಎಂದು ಕೇಳಿದ.