ಏಪ್ರಿಲ್‌ನಲ್ಲೂ ಉಣ್ಣೆಯ ಕೋಟು

ಏಪ್ರಿಲ್‌ನ ಉರಿಬಿಸಿಲಿನಲ್ಲಿ, ಹಲಸೂರಿನ ಜನರೆಲ್ಲ ನೆರಳು ಹುಡುಕಿಕೊಂಡು ಗೋಡೆಗೆ ಅಂಟಿ ನಡೆಯುವ ಹೊತ್ತಿನಲ್ಲಿ, ಅಂಜನಮೂರ್ತಿ ಮೇಷ್ಟ್ರು ಉಣ್ಣೆಯ ಕೋಟಿನ ಮೂರೂ ಗುಂಡಿ ಹಾಕಿಕೊಂಡು ರಸ್ತೆಯ ನಟ್ಟನಡುವೆ ಮೆರವಣಿಗೆಯ ಗತ್ತಿನಲ್ಲಿ ಬರುತ್ತಿದ್ದರು. ಯಾರಾದರೂ "ಏನ್ ಸೆಕೆ ಮೇಷ್ಟ್ರೇ" ಎಂದರೆ ಸಾಕು, "ಸೆಕೆನಾ? ಎಲ್ಲಿ?" ಎಂದು ಸುತ್ತಲೂ ನೋಡುತ್ತಿದ್ದರು, ಹೆಸರಷ್ಟೇ ಕೇಳಿ ಮುಖ ಕಂಡಿರದ ನೆಂಟನನ್ನು ಹುಡುಕುವವರಂತೆ.

ಮೂವತ್ತು ವರ್ಷ ಭೂಗೋಳ ಕಲಿಸಿದ ಅವರು ನಿವೃತ್ತಿಯ ನಂತರ ಒಂದು ಪಕ್ಷ ಸೇರಿದ್ದರು. ನಗರ ಬಿಸಿಯೇರುತ್ತಿದೆಯೆಂಬುದು ಹೊರಗಿನವರು ಹಬ್ಬಿಸಿದ ಸುಳ್ಳೆಂದೂ, ಆ ಹೊರಗಿನವರು ತೊಲಗಿದ ದಿನ ಹಳೆಯ ತಂಪಿನ ಊರು ತಾನಾಗಿ ಮರಳುವುದೆಂದೂ ಅದರ ನಾಯಕರು ಸಾರುತ್ತಿದ್ದರು. ಬಾಲ್ಯದಲ್ಲಿ, ಮಂಜಿನ ಮುಂಜಾವಿನಲ್ಲಿ, ಹಲಸೂರು ಕೆರೆಯ ಆಚೆ ದಡ ಕಾಣದೆ ಬೆರಗಾಗಿ ನಿಂತಿದ್ದ ಮೇಷ್ಟ್ರಿಗೆ ಅದು ಪರಮಸತ್ಯವಾಗಿ ಕೇಳಿಸಿತು.

ಕಳೆದ ಬೇಸಿಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ, ಬಸ್ಸಿಗೆ ಕಾದವರಿಗೆ ಪಕ್ಷ ಅಚ್ಚುಹಾಕಿಸಿದ್ದ ಆ ಭಾವೀ ನಗರದ ನಕ್ಷೆ ಹಂಚುತ್ತಿದ್ದಾಗಲೇ ಕುಸಿದುಬಿದ್ದರು. ವೈದ್ಯರು ಬಿಸಿಲಿನ ಹೊಡೆತವೆಂದರು. ಮೇಷ್ಟ್ರು "ಗ್ಯಾಸ್ಟ್ರಿಕ್ಕು" ಎಂದರು. ಹೆಂಡತಿ ಭಾಗ್ಯಲಕ್ಷ್ಮಿ ಮಾತ್ರ, "ರೀ, ಕೋಟ್ ಬಿಡ್ತೀರೋ, ನನ್ನ ಬಿಡ್ತೀರೋ?" ಎಂದು ಕೇಳಿದರು.

ಎರಡನ್ನೂ ಬಿಡಲಾರದೆ ಅವರು ಶಿವಾಜಿನಗರಕ್ಕೆ ಹೋದರು. ಆ ಕೋಟು ಹೊಲಿದಿದ್ದ ಹಳೆಯ ಗೆಳೆಯ ಅಕ್ತರ್‌ನ ಅಂಗಡಿಯಲ್ಲಿ ದನಿ ತಗ್ಗಿಸಿ, "ಒಳಗಿನ ಲೈನಿಂಗ್ ಪೂರ್ತಿ ಬಿಚ್ಬಿಡು. ಹೊರಗಡೆ ಯಾರ್ಗೂ ಗೊತ್ತಾಗ್ಬಾರ್ದು" ಎಂದರು.

ಜೇಬಿನಿಂದ ಜಾರಿಬಿದ್ದ ನಕ್ಷೆಯನ್ನು ಅಕ್ತರ್ ಹೊಲಿಗೆ ಮೇಜಿನ ಮೇಲೆ ಹರಡಿದ.

"ಚೆನ್ನಾಗಿದೆ ಮೇಷ್ಟ್ರೇ. ಇದ್ರಲ್ಲಿ ನಮ್ ಅಂಗಡಿ ಎಲ್ಲಿ ಬರುತ್ತೆ?"

ದನಿಯಲ್ಲಿ ಕೊಂಕಿರಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಉದ್ಯಾನಗಳಿದ್ದವು, ಕಾರಂಜಿಗಳಿದ್ದವು, ಅಕ್ತರ್‌ನ ಅಂಗಡಿಯಿರುವ ಮಾರ್ಕೆಟ್ಟು ಬರಬೇಕಾದ ಕಡೆ ಬರೀ ಹಸಿರು ಬಣ್ಣ. "ಸ್ಕೇಲ್ ಚಿಕ್ಕದು ಕಣಪ್ಪ... ಇಲ್ಲೇ ಎಲ್ಲೋ ಇರ್ಬೇಕು" ಎನ್ನುತ್ತ ಹುಡುಕಿದರು, ಮತ್ತೆ ಹುಡುಕಿದರು. ಹಣೆಯ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಅಕ್ತರ್ ಫ್ಯಾನನ್ನು ಅವರತ್ತ ತಿರುಗಿಸಿದ.

ಅವರು ಪಕ್ಷ ಬಿಡಲಿಲ್ಲ. ನಕ್ಷೆ ಹಂಚುವುದು ಮಾತ್ರ ನಿಂತಿತು. ಏಕೆಂದು ಕೇಳಿದವರಿಗೆ, "ಒಂದ್ ಜಾಗ ಸಿಗ್ತಿಲ್ಲ, ನೋಡ್ಬೇಕು" ಎನ್ನುತ್ತಿದ್ದರು.

ಇಂಥವರು ನಮ್ಮ ನಡುವೆ ಬಹಳ ಮಂದಿ. ಕಳೆದುಕೊಂಡದ್ದಕ್ಕೆ ಅತ್ತು ಹಗುರಾಗಲು ಬಾರದೆ, ಅದನ್ನು ಕದ್ದವನು ಇವನೇ ಎಂದು ಯಾರನ್ನೋ ತೋರಿಸುವವನ ಹಿಂದೆ ಹೊರಟುಬಿಡುತ್ತಾರೆ. ಹಾಗೆ ತೋರಿಸಿದ್ದು ತಮಗೆ ಬೇಕಾದವನನ್ನೇ ಎಂದು ಹೊಳೆದಾಗ, ಮುಂದೆ ಹೋಗಲೂ ಆಗದೆ, ಹಿಂದಿರುಗಲು ನಾಚಿಕೆಯಾಗಿ, ಅಲ್ಲೇ ನಿಂತುಬಿಡುತ್ತಾರೆ.