ಬೆರಿಲ್ ಗೇಟಿನ ಮುಂದಿನ ದೋಣಿ

ನಗರದ ಕೌನ್ಸಿಲಿನಲ್ಲಿ ದೂರು ಕೇಳಲು ಕೂತಿದ್ದ ಡಾರಿಯಾಗೆ ಬೆರಿಲ್ ತನ್ನ ಹೆಸರು ಹೇಳಬೇಕಾಗಿರಲಿಲ್ಲ. ಫೋನಿನಲ್ಲಿ ಕೆಮ್ಮು ಕೇಳಿಸಿದರೆ ಸಾಕು.

"ದೋಣಿ ವಿಷಯಾನಾ, ಮೇಡಂ?"

"ಮತ್ತಿನ್ನೇನು? ಸಮುದ್ರ ಅಲ್ಲಿದೆ, ದೋಣಿ ನನ್ ಗೇಟಿನ ಮುಂದಿದೆ. ನಿಮಗ್ಯಾರಿಗೂ ವಿಚಿತ್ರ ಅನ್ಸಲ್ವಾ?"

ದೋಣಿ ಪಕ್ಕದ ಮನೆಯ ಸೆಮಿಸಿಯದು. ಟೋಂಗಾ ದ್ವೀಪದವನು, ಬಾಗಿಲು ತುಂಬುವಂಥ ಆಳು. ಅವನ ಮನೆಯ ಮುಂದೆಲ್ಲ ನೆಂಟರ ಕಾರುಗಳಾದ್ದರಿಂದ ಟ್ರೇಲರ್ ಮೇಲಿನ ದೋಣಿಗೆ ಬೆರಿಲ್ ಗೇಟಿನ ಮುಂದೆಯೇ ಗತಿ. ನಾಲ್ಕು ವಾರಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಿಸಬಾರದೆಂದು ಕಾನೂನಿತ್ತು. ಸೆಮಿಸಿಯೇನು ಕಾನೂನು ತಿಳಿಯದವನೇ? ಗಡುವು ಮುಗಿಯುವ ಹೊತ್ತಿಗೆ ದೋಣಿಯನ್ನು ಪಕ್ಕದ ಬೀದಿಗೆ ಎಳೆದೊಯ್ದು, ಮಾರನೆಯ ದಿನ ಮೆರವಣಿಗೆ ಮಾಡಿಕೊಂಡು ವಾಪಸು ತರುತ್ತಿದ್ದ. ನೋಡಿದಾಗಲೆಲ್ಲ ಬೆರಿಲ್‌ಗೆ ಮೈ ಉರಿಯುತ್ತಿತ್ತು.

ಈ ಸಲವಂತೂ ಅವಳಿಗೆ ನಿಜವಾದ ಕಾರಣವಿತ್ತು. ಸೊಂಟದ ಕೀಲು ಬದಲಿಸಿಕೊಂಡ ಗಂಡ ನೆವಿಲ್ ಶುಕ್ರವಾರ ಮನೆಗೆ ಬರುವವನಿದ್ದ. ಗಾಡಿ ಗೇಟಿನ ಮುಂದೆಯೇ ನಿಲ್ಲಬೇಕು, ಈ ಏರಿನಲ್ಲಿ ಅವನನ್ನು ನಡೆಸುವಂತಿಲ್ಲ, ಜಾಗ ಸಿಗದಿದ್ದರೆ ಇನ್ನೆರಡು ವಾರ ಅಲ್ಲೇ ಇರಲಿ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ನೆವಿಲ್ ಇಲ್ಲದ ಮನೆಯಲ್ಲಿ ಬೆರಿಲ್‌ಗೆ ಚಹಾ ಕೂಡ ರುಚಿಸುತ್ತಿರಲಿಲ್ಲ. ಬೈಯುವುದಕ್ಕಾದರೂ ಒಬ್ಬರು ಬೇಡವೇ?

ಅಂತೂ ಕೌನ್ಸಿಲ್ ನಿದ್ದೆಯಿಂದೆದ್ದಿತು. ಮಂಗಳವಾರ ದೋಣಿಯ ಮೂತಿಗೆ, ತೆಗೆಯದಿದ್ದರೆ ದಂಡ ಎಂಬ ಕಿತ್ತಳೆ ಬಣ್ಣದ ಚೀಟಿ ಅಂಟಿಸಿ ಹೋದರು. ಸೆಮಿಸಿ ದೋಣಿಯನ್ನು ಊರಾಚೆ ಅಣ್ಣನ ಹಿತ್ತಲಿಗೆ ಸಾಗಿಸಿದ. ಆ ಸಂಜೆ ಖಾಲಿ ಜಾಗವನ್ನು ನೋಡುತ್ತ ಬೆರಿಲ್ ಕೇಕಿನ ಇನ್ನೊಂದು ತುಂಡು ಕತ್ತರಿಸಿಕೊಂಡಳು.

ಬುಧವಾರ ಕಣ್ಣುಬಿಟ್ಟರೆ ಅಲ್ಲೊಂದು ಬಿಳಿ ಕಾರು. ಕೆಳಗಿನ ಆಸ್ಪತ್ರೆಗೆ ಕೆಲಸಕ್ಕೆ ಬರುವ ಯಾರದ್ದೋ. ಸಂಜೆಯವರೆಗೂ ಜಪ್ಪಯ್ಯ ಅನ್ನಲಿಲ್ಲ. ಗುರುವಾರ ಬೇರೆ ಕಾರು, ಕೆಂಪಗಿನದು. ಬೆರಿಲ್‌ಗೆ ಆಗ ಅರ್ಥವಾಯಿತು. ಇಷ್ಟು ದಿನ ಆ ಜಾಗವನ್ನು ಪರರ ಪಾಲಾಗದಂತೆ ಕಾದದ್ದು ಆ ದೋಣಿಯೇ!

"ಸಾರ್ವಜನಿಕ ರಸ್ತೆ, ಮೇಡಂ. ಕಾರು ನಿಲ್ಲಿಸೋದು ತಪ್ಪಲ್ಲ," ಎಂದಳು ಫೋನಿನಲ್ಲಿ ಡಾರಿಯಾ. "ಅಂಗವಿಕಲರ ಜಾಗ ಬೇಕು ಅಂತ ಅರ್ಜಿ ಹಾಕಿ. ಮೂರು ತಿಂಗಳಲ್ಲಿ ಬಂದು ನೋಡ್ತಾರೆ."

"ಮೂರು ತಿಂಗಳಿಗೆ ನೆವಿಲ್ ಓಡ್ತಿರ್ತಾನೆ ಕಣಮ್ಮ!"

ಸಂಜೆ ಕೆಂಪು ಕಾರು ಹೊರಟದ್ದೇ ತಡ, ಬೆರಿಲ್ ಕಸದ ಡಬ್ಬಗಳನ್ನು ಉರುಳಿಸಿಕೊಂಡು ಬಂದು ರಸ್ತೆಯಲ್ಲಿ ನಿಲ್ಲಿಸಿದಳು. ಬೀದಿಯವರೆಲ್ಲ ಜಾಗ ಹಿಡಿಯುವುದು ಹಾಗೆಯೇ. ಬೇಲಿಯಾಚೆಯಿಂದ ಸೆಮಿಸಿ ಇಣುಕಿದ.

"ಆಂಟಿ, ನಾಳೆ ಕಸದ ದಿನ ಅಲ್ವಲ್ಲಾ?"

ಬೆರಿಲ್‌ಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು. "ನೆವಿಲ್ ಬರ್ತಿದ್ದಾನೆ. ಜಾಗ ಸಿಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡ್ಹೋಗ್ತಾರೆ."

"ಮೊದಲೇ ಹೇಳ್ಬಾರ್ದಿತ್ತಾ? ಡಬ್ಬಕ್ಕೆ ಯಾರು ಹೆದರ್ತಾರೆ, ಆಂಟಿ? ಪಕ್ಕಕ್ಕೆ ತಳ್ಳಿ ನಿಲ್ಲಿಸ್ತಾರೆ." ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಮೊದಲೇ ಹೇಳಬಹುದಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕೌನ್ಸಿಲಿಗೆ ಹೇಳಿದ್ದಳು, ಪಕ್ಕದ ಮನೆಯವನಿಗೆ ಹೇಳಿರಲಿಲ್ಲ.

ಶುಕ್ರವಾರ ಬೆಳಗ್ಗೆ ಪರದೆ ಸರಿಸಿದರೆ ಡಬ್ಬಗಳು ಗೇಟಿನೊಳಗೆ, ದೋಣಿ ಗೇಟಿನ ಮುಂದೆ. ಸೆಮಿಸಿ ಅದರೊಳಗೆ ಕಂಬಳಿ ಹೊದ್ದು ಕೂತಿದ್ದ.

"ಚೀಟಿ ಅಂಟಿಸಿದ್ದಾರಲ್ಲೋ! ದಂಡ ಹಾಕಿದ್ರೆ?"

"ದೂರು ಕೊಡೋರು ನೀವೊಬ್ರೇ ಅಲ್ವಾ, ಆಂಟಿ? ಕೊಡ್ತೀರಾ?"

ಬೆರಿಲ್‌ಗೆ ನಗುವೂ ಬಂತು, ಕಣ್ಣೂ ತುಂಬಿತು. ಒಳಗೆ ಹೋಗಿ ಅವನಿಗೆ ನಾಲ್ಕು ಮೊಟ್ಟೆ ಹುರಿದು ತಂದಳು.

ಆಸ್ಪತ್ರೆಯ ಗಾಡಿ ತಿರುವಿನಲ್ಲಿ ಕಂಡದ್ದೇ ಸೆಮಿಸಿ ದೋಣಿಯನ್ನು ಕಾರಿನಿಂದ ತುಸು ಮುಂದಕ್ಕೆ ಎಳೆದು ಜಾಗ ಬಿಟ್ಟ. ಕೋಲೂರಿಕೊಂಡು ಇಳಿದ ನೆವಿಲ್ ಮೊದಲು ನೋಡಿದ್ದು ಹೆಂಡತಿಯನ್ನಲ್ಲ.

"ಈ ದರಿದ್ರ ದೋಣಿ ಇನ್ನೂ ಇಲ್ಲೇ ಇದೆಯಾ? ಕೌನ್ಸಿಲ್ಲಿಗೆ ಹೇಳ್ಲಿಲ್ವಾ ನೀನು?"

"ಬಾಯಿ ಮುಚ್ಕೊಂಡು ಒಳಗೆ ನಡಿ," ಎಂದಳು ಬೆರಿಲ್. ಎಷ್ಟು ದಿನವಾಗಿತ್ತು ಹೀಗೆ ಬೈದು! ಹಾಯೆನ್ನಿಸಿತು.

ಸೋಮವಾರ ಡಾರಿಯಾಳ ಫೋನಿನಲ್ಲಿ ಮತ್ತೆ ಆ ಕೆಮ್ಮು.

"ದೋಣಿ ವಾಪಸ್ ಬಂತಾ, ಮೇಡಂ?"

"ಬಂದಿದೆ. ಅದರ ಮೇಲೆ ಯಾರಾದ್ರೂ ದೂರು ಕೊಟ್ರೆ ಮೊದಲು ನನಗೆ ಹೇಳು. ಅವರನ್ನ ನಾನು ನೋಡ್ಕೋತೀನಿ."