ಸರಪಳಿ ಕಟ್ಟದ ಚಿನ್ನದ ಕಣಗಳು

ಪ್ರಯೋಗಾಲಯದ ದೊಡ್ಡ ಸರ್ ಕಂಡುಹಿಡಿದ ಅಂಟಿನ ಮಹಿಮೆ ಒಂದೆರಡಲ್ಲ. ನೀರಿನಲ್ಲಿ ತೇಲುವ ಚಿನ್ನದ ಅತಿಸಣ್ಣ ಕಣಗಳಿಗೆ ಅದನ್ನು ಬೆರೆಸಿದರೆ ಸಾಕು, ಅವು ಶಾಲೆ ಮಕ್ಕಳ ಹಾಗೆ ಕೈಕೈ ಹಿಡಿದು ಸರಪಳಿ ಕಟ್ಟುತ್ತವಂತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೊಗಳೇ ಸಾಕ್ಷಿ. ಅವುಗಳಲ್ಲೊಂದು ಚೌಕಟ್ಟು ಹಾಕಿಸಿಕೊಂಡು ಅವರ ಕುರ್ಚಿಯ ಹಿಂದೆ ತೂಗುತ್ತಿತ್ತು, ತೀರಿಕೊಂಡ ತಾತನ ಫೋಟೊದ ಹಾಗೆ.

ಮಾತು ಕಮ್ಮಿಯೆಂದು ಎಲ್ಲರೂ ‘ಮೂಗಿ’ ಎಂದು ಕರೆಯುತ್ತಿದ್ದ ಅವರ ಶಿಷ್ಯೆಗೆ ಮಾತ್ರ ಒಂದು ಅನುಮಾನ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಫೋಟೊ ತೆಗೆಯುವ ಮೊದಲು ಹನಿಯನ್ನು ಪುಟ್ಟ ಜಾಲರಿಯ ಮೇಲೆ ಒಣಗಿಸುತ್ತಿದ್ದರು. ನೀರೇ ಆರುತ್ತಾ ಆರುತ್ತಾ ಕಣಗಳನ್ನು ಒಂದೆಡೆಗೆ ಎಳೆದು ತಂದಿದ್ದರೆ? ಅದನ್ನು ಬಾಯಿಬಿಟ್ಟು ಹೇಳಿದರೆ ಅವಳ ಪಿಎಚ್‌ಡಿ ಕಥೆ ಮುಗಿದಂತೆಯೇ. ಅವಳ ಪ್ರಬಂಧದ ತುಂಬಾ ಇದ್ದದ್ದು ಇದೇ ಸರಪಳಿ, ಅದಕ್ಕೆ ಸಹಿ ಹಾಕಬೇಕಾದವರು ಇದೇ ಸರ್.

ಕೊನೆಗೆ ತಡೆಯಲಾರದೆ, ಅಂಟು ಬೆರೆಸಿದ ಹನಿಯನ್ನು ಒಣಗಿಸದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಿ ನೋಡಿದಳು. ಕಣಗಳು ತೇಲುವಾಗ ಎಲ್ಲಿದ್ದವೋ ಅಲ್ಲೇ ನಿಂತಿದ್ದವು. ಮುಖ ಕೊಟ್ಟು ಮಾತಾಡದ ಓರಗಿತ್ತಿಯರ ಹಾಗೆ, ದೂರ ದೂರ.

ಸರ್ ಆ ಚಿತ್ರ ನೋಡಿ ಕನ್ನಡಕ ಒರೆಸಿಕೊಂಡರು. "ಚಳಿಗೆ ಹೆದರಿ ಕೈ ಬಿಟ್ಟಿವೆ ಅಷ್ಟೇ ಕಣಮ್ಮ. ಪಾಪ."

"ಹಾಗಾದ್ರೆ ಇದು ನೋಡಿ ಸರ್, ಒಣಗಿಸಿದ್ದು," ಎಂದು ಇನ್ನೊಂದು ಚಿತ್ರ ಮುಂದಿಟ್ಟಳು.

"ಆಹಾ! ಎಂಥಾ ಸರಪಳಿ! ಅಂಟು ಅಂದ್ರೆ ಹೀಗಿರಬೇಕು!"

"ಇದಕ್ಕೆ ಅಂಟು ಹಾಕೇ ಇಲ್ಲ ಸರ್."

ಸರ್ ಮತ್ತೊಮ್ಮೆ ಕನ್ನಡಕ ಒರೆಸಿಕೊಂಡರು. ಆದರೆ ದೊಡ್ಡವರು ಸುಮ್ಮಸುಮ್ಮನೆ ದೊಡ್ಡವರಾಗಿರುತ್ತಾರೆಯೇ?

"ನೋಡಿದ್ಯಾ! ನನ್ನ ಅಂಟು ಹಾಕದೇ ಇದ್ರೂ ಕೆಲಸ ಮಾಡುತ್ತೆ! ಇದನ್ನೇ ಬರಿ, ನಾಳೆನೇ ಸಹಿ ಹಾಕ್ತೀನಿ."

ಸಹಿ ಕೈಗೆಟುಕುವಷ್ಟು ಹತ್ತಿರವಿತ್ತು. ಪೆನ್ನಿನ ಮುಚ್ಚಳವನ್ನೂ ಅವರು ತೆಗೆದಾಗಿತ್ತು. ಅವಳು ಹೆಪ್ಪುಗಟ್ಟಿದ ಹನಿಯ ಚಿತ್ರವನ್ನು ಎತ್ತಿಕೊಂಡಳು.

"ಬೇಡ ಸರ್. ನಾನು ಇದನ್ನ ಬರೀತೀನಿ."

"ಬರ್ಕೋ ತಾಯಿ. ಮೊದಲು ಬೇರೆ ಗೈಡ್ ಹುಡುಕ್ಕೋ," ಎಂದು ಸರ್ ಮುಚ್ಚಳ ಹಾಕಿದರು.

ಮನೆ ಬಾಗಿಲು ತೆಗೆದ ಅಕ್ಕ, "ಏನೇ, ಡಾಕ್ಟರಮ್ಮ ಆದ್ಯಾ?" ಎಂದಳು.

"ಆಗ್ತಿದ್ದೆ ಕಣೇ. ಬಾಯಿ ಬಿಟ್ಟೆ."

ಅಕ್ಕ ಹಣೆ ಚಚ್ಚಿಕೊಂಡಳು. "ಇಷ್ಟು ವರ್ಷ ಮೂಗಿಯಾಗಿದ್ದೋಳಿಗೆ ಇವತ್ತೇ ಬಾಯಿ ಬರ್ಬೇಕಿತ್ತಾ!"